ಒಂದೇ ಒಲೆಯ ಕುಟುಂಬ

ಐವತ್ತೊಂದರ ಜನಗಣತಿಗೆ ಮುಂಬಯಿಯ ಚೆಂಬೂರಿನ ಒಂದು ಗಲ್ಲಿ ನನ್ನ ಪಾಲಿಗೆ ಬಂದಿತ್ತು. ಒಂದೇ ಸೂರಿನಡಿ ಇದ್ದು ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ ಎಂದು ನಮಗೆ ಹೇಳಿಕೊಟ್ಟಿದ್ದರು. ಗಲ್ಲಿಯ ಕೊನೆಗೆ ಉಡುಪಿ ಹೋಟೆಲು. ಅಡುಗೆಯವರು, ಸಪ್ಲೈಯರುಗಳು, ತಟ್ಟೆ ತೊಳೆಯುವವರು ಎಲ್ಲರೂ ಅಲ್ಲೇ ಉಂಡು, ಬಾಗಿಲು ಹಾಕಿದ ಮೇಲೆ ಮೇಜುಗಳ ಮೇಲೇ ಮಲಗುವವರು. ಅಲ್ಲೇ ವಾಸವಿದ್ದ ಮಾಲಕರನ್ನು ಕುಟುಂಬದ ಯಜಮಾನ ಎಂದು ಬರೆದು, ಕೆಳಗೆ ಇವರನ್ನೆಲ್ಲ ಸೇರಿಸತೊಡಗಿದೆ.

"ನನ್ನ ಹೆಂಡತಿ ಮಕ್ಕಳು?" ಎಂದರು ಗಲ್ಲಾದಲ್ಲಿ ಕೂತಿದ್ದ ಮಾಲಕರು.

"ಅವರು ಊರಲ್ಲಿದ್ದಾರಲ್ಲ, ಅಲ್ಲಿಯವರು ಬರೆದುಕೊಳ್ಳುತ್ತಾರೆ."

"ಇದೊಳ್ಳೆ ಕತೆ ಮಾರಾಯ್ರೆ! ಕಟ್ಟಿಕೊಂಡವಳು ಬೇರೆ ಕುಟುಂಬ, ತಟ್ಟೆ ತೊಳೆಯುವವ ನನ್ನ ಕುಟುಂಬವಾ?"

ನಿಯಮ ಹಾಗೇ ಇದೆ ಎಂದೆ. ಅವರು ನನ್ನನ್ನೇ ನೋಡಿದರು.

"ಎರಡು ಹೊತ್ತೂ ನೀವು ಉಣ್ಣುವುದೆಲ್ಲಿ?"

"ನಿಮ್ಮಲ್ಲೇ. ಆದರೆ ಮಲಗುವುದು ಚಾಳಿನ ಖೋಲಿಯಲ್ಲಿ."

"ಮಲಗಲಿಕ್ಕೇನು, ಇಲ್ಲಿ ಇನ್ನೊಂದು ಮೇಜು ಖಾಲಿ ಉಂಟು. ನಿಮ್ಮ ಹೆಸರನ್ನೂ ಬರ್ಕೊಳ್ಳಿ."

ಸಪ್ಲೈಯರುಗಳು ನಕ್ಕರು. ನಾನು ಮುಂದಿನ ಮನೆಗೆ ನಡೆದೆ.

ಸಂಜೆ ಖೋಲಿಯಲ್ಲಿ ಕೂತು, ಒಲೆಯೇ ಇಲ್ಲದ ಒಂದು ಕುಟುಂಬಕ್ಕೆ ನನ್ನನ್ನು ಯಜಮಾನನೆಂದು ಬರೆದುಕೊಂಡೆ. ಆಮೇಲೆ ಹಸಿವಾಯಿತು, ಹೋಟೆಲಿಗೆ ಹೋದೆ.