ಉಪ್ಪಿನ ಚೀಲ ಹೊತ್ತ ಪಿಕಪ್

ಕೋವಿಡ್ ಬರುವ ಹಿಂದಿನ ವರ್ಷದವರೆಗೆ, ಕೆಲವು ವರ್ಷ, ನಾನು ಶಹಾಪುರದಲ್ಲಿ ಒಂದು ಸಣ್ಣ ಟ್ರಸ್ಟಿನ ಸಂಚಾರಿ ಪಶು ಚಿಕಿತ್ಸಾ ಘಟಕದ ವೈದ್ಯೆಯಾಗಿದ್ದೆ. ಸರ್ಕಾರಿ ನೌಕರಿಯಿಂದ ಆಗಲೇ ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತು ಕ್ರೋಶೆ ಹೆಣೆಯುವ ತಾಳ್ಮೆ, ಕಾನ್ವೆಂಟಿನ ಸಿಸ್ಟರ್‌ಗಳು ಎಷ್ಟು ಕಲಿಸಿದ್ದರೂ, ನನಗೆ ಬಂದಿರಲಿಲ್ಲ. ಘಟಕ ಎಂದರೆ ನಾನು, ಡ್ರೈವರ್ ಸಾಬಣ್ಣ, ಮತ್ತು ಸೆಕೆಂಡ್ ಹ್ಯಾಂಡ್ ಕೊಂಡ ಒಂದು ಹಳೆಯ ಪಿಕಪ್. ಟ್ರಸ್ಟಿನವರು ಮೊದಲೇ ಹೇಳಿಬಿಟ್ಟಿದ್ದರು: ಈ ಗಾಡಿ ಓಡುವವರೆಗೆ ಘಟಕ, ಹೊಸ ಗಾಡಿ ಕೊಡಿಸುವ ಶಕ್ತಿ ನಮಗಿಲ್ಲ.

ಗೋಗಿಯ ಆಚೆಯಿಂದ ಸುರಪುರದ ಗುಡ್ಡದ ಮಗ್ಗುಲವರೆಗೆ ಇರುವ ಕುರಿಹಟ್ಟಿಗಳು ನಮ್ಮ ರೌಂಡ್. ಮೊದಮೊದಲು ಅಲ್ಲಿ ಯಾರೂ ಕುರಿಗೆ ಸೂಜಿ ಮುಟ್ಟಿಸಲು ಬಿಡುತ್ತಿರಲಿಲ್ಲ. ದಾರಿ ತೆರೆದವನು ಸಾಬಣ್ಣ. ಆ ಹಟ್ಟಿಗಳಲ್ಲಿ ಅಮಾವಾಸ್ಯೆಗೆ ಬಂಡೆಯ ಮೇಲೆ ಹರಳುಪ್ಪು ಹರವಿ ಹಿಂಡಿಗೆ ನೆಕ್ಕಿಸುತ್ತಾರೆ. ಆ ಉಪ್ಪನ್ನು ಶಹಾಪುರದ ಬಜಾರಿನಿಂದ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದರು. ಹೇಗಿದ್ದರೂ ಗಾಡಿ ಹೋಗುತ್ತದಲ್ಲ ಎಂದು ಸಾಬಣ್ಣ ಚೀಲಗಳನ್ನು ಹಿಂದೆ ಹೇರಿಕೊಂಡ. ಉಪ್ಪು ಇಳಿಸಿದ ಮೇಲೆ ವ್ಯಾಕ್ಸಿನ್ ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಬರುವಾಗ ಅದೇ ಜಾಗದಲ್ಲಿ ಕಾಯಿಲೆ ಕುರಿಗಳನ್ನು ಹಾಕಿಕೊಂಡು ಬರುತ್ತಿದ್ದೆವು. ಐ ವಾಸ್ ಸೋ ಪ್ರೌಡ್ ಆಫ್ ದಟ್ ಅರೇಂಜ್‌ಮೆಂಟ್.

ಮಹಾನವಮಿಗೆ ಸಾಬಣ್ಣ ಗಾಡಿಯ ಅಡಿಗೆ ನುಸುಳಿ ಚಾಸಿಗೆಲ್ಲ ಕರಿ ಪೇಂಟ್ ಬಳಿಯುತ್ತಿದ್ದ. ಗುಡ್ಡದ ಕೊನೆಯ ಹಟ್ಟಿಯ ಮಲ್ಲಮ್ಮ, ವಿಧವೆ, ತನ್ನ ಹಿಂಡನ್ನು ತಾನೇ ಕಾಯುವವಳು, ಅವನನ್ನು ಬಿಡುತ್ತಿರಲಿಲ್ಲ.

“ಹೇಂತಿಗಿ ಒಂದು ಸೀರಿ ತಂದಿಯೇನೋ ಸಾಬಣ್ಣ? ಗಾಡಿಗಿ ಮಾತ್ರ ವರ್ಷಾ ಬಣ್ಣ ತರ್ತಿ.”

“ಹೇಂತಿ ನಿನ್ನ ಉಪ್ಪು ಹೊರತಾಳೇನಬೇ?” ಎನ್ನುತ್ತಿದ್ದ ಅವನು.

ಕೊನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಒಂದು ಮಗ್ಗುಲಿಗೆ ವಾಲತೊಡಗಿತು. ಶಹಾಪುರದ ವೆಲ್ಡರ್ ಖಾಜಾ ಅವರ ಶೆಡ್ಡಿನಲ್ಲಿ ಜ್ಯಾಕ್ ಕೊಟ್ಟು ಎತ್ತಿಸಿದೆವು. ಚಾಸಿ ಎಂದರೆ ಗಾಡಿಯ ಬೆನ್ನುಮೂಳೆ. ಎಂಜಿನ್ನು, ಕ್ಯಾಬಿನ್ನು, ಹಿಂದಿನ ಹೇರು ಎಲ್ಲವನ್ನೂ ಹೊರುವ ಎರಡು ಉದ್ದನೆಯ ಉಕ್ಕಿನ ತೊಲೆಗಳು. ನಮ್ಮ ಗಾಡಿಯಲ್ಲಿ ಅವು ಒಳಗೆ ಪೊಳ್ಳು. ಹೊರಗೆ ಕರಿ ಬಣ್ಣ ಮಿರಮಿರ ಮಿಂಚುತ್ತಿತ್ತು. ಖಾಜಾ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗದಲ್ಲಿ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಕೆಂಪು ಪದರಗಳು ಒಣಗಿದ ಈರುಳ್ಳಿ ಸಿಪ್ಪೆಯಂತೆ ಉದುರಿದವು. ಅವುಗಳ ಜೊತೆ ಬೆಳ್ಳಗೆ ಏನೋ ಬಿತ್ತು. ಸಾಬಣ್ಣ ಅದನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿದ.

“ಉಪ್ಪದರಿ ಮೇಡಂ,” ಎಂದ.

ಮಳೆಗೆ ಕರಗಿದ ಉಪ್ಪು, ಕುರಿಗಳ ಉಚ್ಚೆ, ಗದ್ದೆ ದಾರಿಯ ಕೆಸರು ಎಲ್ಲವೂ ಹಲಗೆಯ ಸಂದಿನಿಂದ ಇಳಿದು ತೊಲೆಯ ಒಳಗೆ ಸೇರಿದ್ದವು. ಒಳಗೆ ಹೋದ ತೇವ ಹೊರಬರದಂತೆ ವರ್ಷವರ್ಷದ ಪೇಂಟು ತೂತುಗಳನ್ನು ಮುಚ್ಚಿತ್ತು.

ಅದೇ ವಾರ ಸುದ್ದಿ ಬಂತು: ಪಕ್ಕದ ತಾಲೂಕಿನಲ್ಲಿ ಪಿಪಿಆರ್ ಕಾಣಿಸಿಕೊಂಡಿದೆ. ನಮ್ಮವರು ಹಿರೇಬ್ಯಾನಿ ಅನ್ನುತ್ತಾರೆ. ಕುರಿ ಬಾಯಿಹುಣ್ಣಾಗಿ, ಭೇದಿ ಹತ್ತಿ ಸಾಯುತ್ತದೆ, ಎಳೆಮರಿಗಳು ಮೊದಲು. ಲಸಿಕೆ ರೋಗಕ್ಕಿಂತ ಮುಂಚೆ ಮುಟ್ಟಿದರೆ ಉಳಿವು, ಆಮೇಲೆ ವ್ಯರ್ಥ. ಖಾಜಾ ಪಟ್ಟಿ ಕೂರಿಸಿ ವೆಲ್ಡ್ ಮಾಡಿದರು, ಆದರೆ ಭರವಸೆ ಕೊಡಲಿಲ್ಲ. ಬೆಸುಗೆ ಹಿಡಿಯಲು ಸುತ್ತಲೂ ಒಳ್ಳೆ ಕಬ್ಬಿಣ ಬೇಕು, ಇದು ಹಪ್ಪಳವಾಗಿದೆ ಎಂದರು. ಮಾರನೆಯ ದಿನ ಐಸ್ ಡಬ್ಬಿಯಲ್ಲಿ ಲಸಿಕೆ ಇಟ್ಟುಕೊಂಡು ಹೊರಟೆವು. ಗೋಗಿ ಮುಟ್ಟುವ ಮೊದಲೇ ಕೆನಾಲ್ ದಾರಿಯಲ್ಲಿ ಪಟ್ಟಿಯ ಪಕ್ಕದಲ್ಲೇ ಚಾಸಿ ಬಿರುಕು ಬಿಟ್ಟಿತು. ಎಡಗಡೆ ತುಂಬಿ ಹರಿಯುವ ನೀರು. ಸಾಬಣ್ಣ ನಡೆಯುವ ವೇಗದಲ್ಲಿ ಗಾಡಿ ತಿರುಗಿಸಿ ಶೆಡ್ಡಿಗೆ ತಂದ.

“ಇನ್ನೊಂದು ಪಟ್ಟಿ ಹಾಕ್ಸರಿ. ಒಂದ ಸುತ್ತು ಮೇಡಂ, ಗುಡ್ಡದ ಮಟಾ ಹೋಗಿ ಬಂದ ಬಿಡ್ತೇನಿ. ನೀವು ಬರಬ್ಯಾಡ್ರಿ, ನಾ ಒಬ್ನೇ ಹೋಗ್ತೇನಿ.”

ಅವನ ಹೆಂಡತಿ ಮಕ್ಕಳ ಮುಖ ನನಗೆ ಗೊತ್ತಿತ್ತು. ಮಲ್ಲಮ್ಮನ ಮರಿಗಳೂ ಗೊತ್ತಿದ್ದವು.

“ಕೀಲಿ ಕೊಡು ಸಾಬಣ್ಣ,” ಎಂದೆ.

ಹತ್ತಿರದ ಹಟ್ಟಿಗಳಿಗೆ ಶೇರ್ ಆಟೋದಲ್ಲಿ ಡಬ್ಬಿ ಹಿಡಿದು ಹೋಗಿ ಸೂಜಿ ಹಾಕಿದೆವು. ಗುಡ್ಡದ ದಾರಿಗೆ ಯಾವ ಆಟೋದವನೂ ಒಪ್ಪಲಿಲ್ಲ, ಬಾಡಿಗೆ ಜೀಪುಗಳೆಲ್ಲ ಹತ್ತಿ ಬಿಡಿಸುವವರನ್ನು ಸಾಗಿಸುತ್ತಿದ್ದವು. ಕೊನೆಗೆ ಸಾಬಣ್ಣ ಭಾವನ ಬೈಕ್ ಕೇಳಿ ತಂದು ಡಬ್ಬಿ ಕಟ್ಟಿಕೊಂಡು ಹೋದ. ಸಂಜೆ ಡಬ್ಬಿಯನ್ನು ತೆರೆಯದೆ ವಾಪಸು ತಂದ. ಮಲ್ಲಮ್ಮನ ಕುರಿದೊಡ್ಡಿಯಲ್ಲಿ ಮರಿಗಳು ಆಗಲೇ ರೋಗ ಹತ್ತಿ ಮಲಗಿಬಿಟ್ಟಿದ್ದವಂತೆ. ಅವಳು ಬೈಯಲೂ ಇಲ್ಲವಂತೆ, ಗಾಡಿ ಎಲ್ಲಿ ಎಂದಷ್ಟೇ ಕೇಳಿದಳಂತೆ. ಮರುದಿನ ಅವನ ಹಿಂದೆ ಬೈಕಿನಲ್ಲಿ ನಾನೂ ಹೋದೆ. ನೀರು ಕುಡಿಸುವುದು, ಬಾಯಿ ತೊಳೆಯುವುದು, ಇಂಜೆಕ್ಷನ್, ಕೈಲಾದದ್ದೆಲ್ಲ ಮಾಡಿದೆ. ದೊಡ್ಡ ಕುರಿಗಳಲ್ಲಿ ಕೆಲವು ಎದ್ದವು. ಮರಿಗಳಲ್ಲಿ ಒಂದೂ ಏಳಲಿಲ್ಲ.

ಘಟಕ ಮುಚ್ಚಿತು. ಪಿಕಪ್ ಗುಜರಿಗೆ ಹೋಯಿತು. ಸಾಬಣ್ಣ ಈಗ ಯಾದಗಿರಿಯಲ್ಲಿ ಶಾಲೆಯೊಂದರ ವ್ಯಾನ್ ಓಡಿಸುತ್ತಾನೆ. ಯಾವ ಹಬ್ಬಕ್ಕೂ ಗಾಡಿಗೆ ಬಣ್ಣ ಬಳಿಯುವುದಿಲ್ಲ ಎಂದು ಕೇಳಿದ್ದೇನೆ.

ವೃತ್ತಿ ನನಗೆ ಕಲಿಸಿದ್ದು ಸಣ್ಣ ಮಾತು. ಹೊಸದಾಗಿ ಘಟಕ ನಡೆಸುವ ಹುಡುಗಿಯರು ಕೇಳಿದಾಗ ಇಷ್ಟೇ ಹೇಳುತ್ತೇನೆ: ಉಪ್ಪನ್ನು ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಯ್ಯಿರಿ, ಬಂದ ದಿನವೇ ಗಾಡಿಯ ಅಡಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಲು ಬಿಡಿ, ಬಣ್ಣ ಬಳಿಯುವ ಮೊದಲು ತಟ್ಟಿ ನೋಡಿ. ಸೋ ಲಿಟಲ್. ಅಷ್ಟು ಮಾಡಿದ್ದರೆ ಆ ಗಾಡಿ ಇನ್ನೂ ಓಡುತ್ತಿತ್ತೇನೋ.

ಮರಿಗಳು ಸತ್ತ ಮೇಲಿನ ಅಮಾವಾಸ್ಯೆಗೆ ಮಲ್ಲಮ್ಮ ಮೊದಲಿನಂತೆ ನಡೆದೇ ಬಜಾರಿಗೆ ಬಂದಳು. ವಾಪಸು ಹೋಗುವ ದಾರಿಯಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ಉಪ್ಪಿನ ಗಂಟು ಇಳಿಸಿ ಚಹಾ ಕುಡಿದಳು. ಅಷ್ಟು ದೂರ ಹೇಗೆ ಹೊರುತ್ತೀ, ಬಸ್ಸಿಗೆ ಹೋಗು ಎಂದೆ.

“ಭಾರ ಇಲ್ಲಬಿಡ್ರಿ ಡಾಕ್ಟರವ್ವ,” ಎಂದು ಅವಳು ಗಂಟನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು. “ಈಗ ಇಷ್ಟ ಉಪ್ಪು ಸಾಕಾಗ್ತದ.”