ಮೌಶಿಯ ಅಂಗೈ

ಒಲೆಯ ಮೇಲೆ ಹುಳಿ ಪುಂಡಿಸೊಪ್ಪಿನ ಪಲ್ಯ ಕುದಿಯುತ್ತಿತ್ತು. ಬೆಳ್ಳುಳ್ಳಿ, ಕೆಂಪು ಖಾರದ ಒಗ್ಗರಣೆಯ ಘಾಟು ಮೂಗಿಗೆ ಬಡಿದದ್ದೇ ತಡ, ಬಸವಕಲ್ಯಾಣದ ನಮ್ಮ ಪಕ್ಕದ ಮನೆಯ ಮೌಶಿ ನೆನಪಾದಳು, ಇಡೀ ಓಣಿಗೇ ಚಿಕ್ಕಮ್ಮನಂಥವಳು...

ನಮ್ಮ ಓಣಿಯ ಯಾವ ಮದುವೆಯಲ್ಲೂ ಮೌಶಿ ರುಚಿ ನೋಡದೆ ಸಾರಿನ ಹಂಡೆ ಇಳಿಯುತ್ತಿರಲಿಲ್ಲ. ಅಡಿಗೆಯವನು ಸೌಟಿನಿಂದ ಅವಳ ಅಂಗೈಗೆ ನಾಲ್ಕು ಹನಿ ಬಿಡುವನು. ಅವಳು ನೆಕ್ಕಿ "ಇಳಸ್ರಿ" ಅಂದರೆ ಮುಗಿಯಿತು. ಗಂಡ, ಮಕ್ಕಳು ಇಲ್ಲದವಳು ಆ ಒಂದು ಮಾತಿನ ಗತ್ತಿನ ಮೇಲೇ ಬದುಕಿದ್ದಳು.

ಒಂದು ವರ್ಷ ಖಾರ ತಾಗಿದರೆ ಅವಳ ಬಾಯಿ ಉರಿಯತೊಡಗಿತು. ಕೆನ್ನೆಯ ಒಳಗೆಲ್ಲ ಬಿಳಿ ಗೆರೆಗಳು, ಜೇಡ ಬಲೆ ನೇಯ್ದ ಹಾಗೆ. ತಂಬಾಕು ಮುಟ್ಟಿದವಳಲ್ಲ. ಆದರೂ ರುಚಿ ನೋಡುವುದನ್ನು ಬಿಡಲಿಲ್ಲ. ಉರಿಗೆ ಕಣ್ಣಲ್ಲಿ ನೀರು ಬಂದರೆ ಮಂದಿ ನಗುತ್ತಿದ್ದರು. "ಮೌಶಿ ಅಳಾಕತ್ತಾಳ, ಖಾರ ಬರೋಬ್ಬರಿ ಆಗೇದ!" ನನಗೆ ಮೈ ಉರಿಯುತ್ತಿತ್ತು.

ಊರಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆಂದು ಬಸ್ಸು ಹತ್ತಿಸಿ ಹುಮನಾಬಾದಿಗೆ ಕರೆದೊಯ್ದೆ. ಹಲ್ಲಿನ ಡಾಕ್ಟರು ರಕ್ತಪರೀಕ್ಷೆ ಬರೆದರು.

"ಬಾಯಿ ಉರಿಗೆ ರಕ್ತ ಯಾಕ್ರಿ?" ಎಂದೆ.

"ಇಂಥ ಬಿಳಿ ಗೆರಿ ಇದ್ದವ್ರೊಳಗ ಕೆಲವರಿಗೆ ಲಿವರಿನ ರೋಗ ಇರ್ತದ್ರಿ, ಹೆಪಟೈಟಿಸ್ ಸಿ ಅಂತ. ನೋಡೇಬಿಡೋಣು."

ಇತ್ತು. ಹಳೆಯ ಸೂಜಿಗಳಿಂದ ಬಂದಿರಬಹುದು ಎಂದರು. ನಮ್ಮ ಮಂದಿಗೆ ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ. ಒಂದೇ ಸೂಜಿ ಹತ್ತು ಮಂದಿಗೆ ಚುಚ್ಚುತ್ತಿದ್ದ ಕಾಲದಿಂದಲೂ ಮೌಶಿ ಹಠ ಮಾಡಿ ಹಾಕಿಸಿಕೊಂಡವಳು. ಗುಳಿಗೆಯಿಂದ ವಾಸಿಯಾಗುತ್ತದೆ, ಕೂಡಿ ಉಂಡರೆ ಹರಡುವುದಿಲ್ಲ ಎಂದೂ ಡಾಕ್ಟರು ಬಿಡಿಸಿ ಹೇಳಿದರು.

ಮೌಶಿ ನನ್ನ ಕೈ ಹಿಡಿದಳು. "ನಿನಗ ತಿಳೀತವ್ವ. ಓಣಿಗೆ ಯಾರ್ ತಿಳಿಸ್ತಾರ? ಗುಳಿಗಿಗೆ ಹೋದ್ರ ಸುದ್ದಿಯಾಗಿ ಹಂಡೆ ಹತ್ರ ಬಿಡಂಗಿಲ್ಲ. ಹೋಗದಿದ್ರ ಉರಿ ಬಿಡಂಗಿಲ್ಲ."

ಅತ್ತ ದರಿ, ಇತ್ತ ಪುಲಿ. ತಂಗಿಯ ಮನೆಗೆಂದು ಸುಳ್ಳು ಹೇಳಿ ಹುಮನಾಬಾದಿಗೆ ಹೋಗಿ ಗುಳಿಗೆ ತಂದು ನುಂಗಿದಳು. ರೋಗ ಹೋಯಿತು, ಉರಿಯೂ ತಗ್ಗಿತು. ಆದರೆ ಆಸ್ಪತ್ರೆಯಲ್ಲಿ ಅವಳನ್ನು ಯಾರೋ ಕಂಡಿದ್ದರು. ಮೌಶಿಯ ರಕ್ತ ಕೆಟ್ಟಿದೆಯಂತೆ ಎಂಬ ಮಾತು ಓಣಿ ತುಂಬಿತು.

ಮುಂದಿನ ಮದುವೆಯಲ್ಲಿ ಅವಳು ಎಂದಿನಂತೆ ಹಂಡೆಯ ಬಳಿ ಅಂಗೈ ಚಾಚಿದಳು. ಸೌಟು ಎತ್ತಿದ ಅಡಿಗೆಯವನು ಮನೆಯ ಯಜಮಾನಿಯ ಮುಖ ನೋಡಿ, ಅದನ್ನು ಹಂಡೆಗೇ ಬಿಟ್ಟ.

"ವಾಸಿ ಆಗೇದ್ರಿ! ಊಟದಿಂದ ಹರಡಂಗಿಲ್ರಿ!" ಎಂದು ನಾನು ಕೂಗಿದೆ. ಯಾರೂ ನನ್ನತ್ತ ತಿರುಗಲಿಲ್ಲ. ಎಷ್ಟು ಹೊತ್ತು ಹಾಗೇ ಕೈ ಚಾಚಿದ್ದಳೋ... ಕೊನೆಗೆ ಒಣಗೈಯನ್ನೇ ಸೆರಗಿಗೆ ಒರೆಸಿಕೊಂಡು ಹೊರಟುಹೋದಳು.

ಆಮೇಲೆ ಅವಳ ಮನೆಯ ಬಾಗಿಲು ನನಗೊಬ್ಬಳಿಗೇ ತೆರೆಯುತ್ತಿತ್ತು. ಹೋದ ಬೇಸಿಗೆಯಲ್ಲಿ ತೀರಿಕೊಂಡಳು.

ಇವತ್ತು ಪಲ್ಯದ ರಸ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಕಣ್ಣು ತುಂಬಿತು. ಖಾರ ಸರಿಯಿದೆಯೋ ಇಲ್ಲವೋ ತಿಳಿಯಲಿಲ್ಲ. ಇಳಿಸು ಎನ್ನುವವಳಿಲ್ಲ... ಪಲ್ಯ ತಳ ಹತ್ತಿತು.