ಮೂರನೇ ಸಾಲಿಗೆ ಕೇಳಿದ ಮಾತು

ನಾಟಕದ ತಂಡದಲ್ಲಿ ಎಲ್ಲರೂ ಅವನನ್ನು ಪಿಸುಮಾಮ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಫ್ರೇಮಿಗೆ ತಕ್ಕಂತೆ ಗಾಜು ಉಜ್ಜುವುದು ಅವನ ಕೆಲಸ. ಸಂಜೆಯಾದರೆ ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಹಾಲಿಗೆ ಬಂದು, ನಾಟಕದ ಪ್ರತಿ ಹಿಡಿದು, ಮಾತು ಮರೆತವರಿಗೆ ಪಕ್ಕದಿಂದ ಪಿಸುದನಿಯಲ್ಲಿ ಎತ್ತಿಕೊಡುವುದು. ಒಂದು ಸಲವೂ ರಂಗದ ಮೇಲೆ ಕಾಲಿಟ್ಟವನಲ್ಲ. ಹಾಗಂತ ಪಾಪದ ಪ್ರಾಣಿ ಎಂದುಕೊಳ್ಳಬೇಡಿ. ತಾನಿಲ್ಲದಿದ್ದರೆ ಈ ಮಹಾನುಭಾವರೆಲ್ಲ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ ಎಂಬ ಜಂಭ ಅವನಿಗೆ ಬೇಕಾದಷ್ಟಿತ್ತು. ಅದು ಸುಳ್ಳು ಜಂಭವೂ ಆಗಿರಲಿಲ್ಲ.

ಮನೆಯಲ್ಲಿ ಅವನು ಮತ್ತು ಅಕ್ಕ, ಇಬ್ಬರೇ. ಇಬ್ಬರಿಗೂ ಮದುವೆಯಾಗಲಿಲ್ಲ, ಅವನಿಗೆ ನಾಟಕದ ಹುಚ್ಚಿನಿಂದ, ಅವಳಿಗೆ ಅಪ್ಪನ ದೆಸೆಯಿಂದ. ಅಪ್ಪನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಅಕ್ಕನಿಗೆ ಬೇರೆ ಊರಿನ ಟೆಲಿಫೋನ್ ಕಚೇರಿಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. "ಒಂದು ವರ್ಷ ನೀನು ನೋಡ್ಕೋ ಅಕ್ಕ, ಆಮೇಲೆ ನಾನಿದ್ದೀನಲ್ಲ" ಎಂದಿದ್ದ ತಮ್ಮ. ಆ ಒಂದು ವರ್ಷ ರಬ್ಬರಿನ ಹಾಗೆ ಎಳೆದುಕೊಂಡು ಅಪ್ಪ ಕಣ್ಣು ಮುಚ್ಚುವವರೆಗೂ ಹೋಯಿತು. ಅಕ್ಕ ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸುವ ಹೊತ್ತಿಗೆ ಸರಿಯಾಗಿ ತಮ್ಮನ ತಾಲೀಮು ಶುರುವಾಗುತ್ತಿತ್ತು. ಇದನ್ನು ಅವಳು ಯಾವತ್ತೂ ಎತ್ತಿ ಆಡಿದವಳಲ್ಲ.

ಆ ವರ್ಷದ ನಾಟಕವನ್ನು ನಿರ್ದೇಶಕರೇ ಬರೆದಿದ್ದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರಾದ್ದರಿಂದ ತಂಡಕ್ಕೆಲ್ಲ ಅವರು ಮೇಷ್ಟ್ರು. ಕಥೆ ಒಂದು ಮನೆಯದು: ಹಾಸಿಗೆ ಹಿಡಿದ ಅಪ್ಪ, ಅಪ್ಪನ ಬೇಕರಿ ಮುಚ್ಚಿಬಿಡಬೇಕು ಎಂದು ಪಟ್ಟು ಹಿಡಿದ ಮಗ, ನಡುವೆ ಸಿಕ್ಕಿ ಒದ್ದಾಡುವ ಅಮ್ಮ, ಇನ್ನು ನೀರು ತಂದುಕೊಡುವ, ಹೊದಿಕೆ ಸರಿಮಾಡುವ ಮಗಳು. ತಂಡದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಮೊದಲ ಓದು ಮುಗಿದ ಮೇಲೆ ಮೇಷ್ಟ್ರು ಒಂದು ಪ್ರಶ್ನೆ ಕೇಳುತ್ತಿದ್ದರು: ಈ ನಾಟಕದ ಮೂಲ ಜಗಳ ಯಾರ ಯಾರ ನಡುವೆ? ಅದಕ್ಕೆ ಎಲ್ಲರೂ ಒಂದೇ ಉತ್ತರಕ್ಕೆ ಬರುವತನಕ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ.

"ಇದರಲ್ಲಿ ಕೇಳೋದೇನಿದೆ?" ಎಂದ ಮಗನ ಪಾತ್ರದ ಲೈನ್‌ಮನ್. ಕಂಬ ಹತ್ತಿ ಇಳಿದು ಕೈಯೂ ತೊಳೆಯದೆ ಬಂದಿದ್ದ. "ಅಪ್ಪ, ಮಗ. ಮೊದಲಿಂದ ಕೊನೇವರೆಗೂ ಕಿತ್ತಾಡೋದು ನಾವಿಬ್ಬರೇ."

"ಕಿರುಚಾಡಿದರೆ ಅದು ಜಗಳಾನಾ?" ಅಮ್ಮನ ಪಾತ್ರದ ಪಾರ್ಲರ್ ಆಂಟಿ ಸೆಟೆದು ಕೂತರು. "ಇದು ಗಂಡ ಹೆಂಡತಿ ಜಗಳ. ಆ ಮನುಷ್ಯ ಮೊದಲೇ ಹೆಂಡತಿ ಮಾತಿಗೆ ಒಂದಿಷ್ಟು ಕಿವಿ ಕೊಟ್ಟಿದ್ರೆ ಮಗ ಯಾಕೆ ಹೀಗಾಗ್ತಿದ್ದ?"

"ಆಂಟಿ, ನಾಟಕದ ವಿಷಯ ಮಾತಾಡಿ. ನಿಮ್ಮನೆ ವಿಷಯ ಆಮೇಲೆ" ಎಂದ ಲೈನ್‌ಮನ್. ಹಾಲೆಲ್ಲ ಗೊಳ್ಳೆಂದಿತು.

ಪಿಸುಮಾಮ ಆಗ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಪಿಸುಗುಟ್ಟುವವನಿಗೆ ಸ್ವಂತ ಮಾತು ಆಡುವ ಚಪಲ ಯಾಕೆ ಬಂತೋ! "ಅಣ್ಣ, ತಂಗಿ" ಎಂದುಬಿಟ್ಟ.

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. "ಅವರಿಬ್ಬರು ಇಡೀ ನಾಟಕದಲ್ಲಿ ಒಂದು ಸಲಾನೂ ಜಗಳ ಆಡೋದಿಲ್ವಲ್ಲ, ಪುಣ್ಯಾತ್ಮ."

"ಅದಕ್ಕೇ ಸಾರ್ ಹೇಳಿದ್ದು. ಅವಳು ಅಪ್ಪನ ಮಂಚದ ಹತ್ತಿರ ಕೂತಿರೋದ್ರಿಂದ ತಾನೇ ಇವನು ಬೇಕರಿ ಬೇಕರಿ ಅಂತ ಕೂಗಾಡ್ಕೊಂಡು ತಿರುಗೋದು? ಅವಳು ಎದ್ದು ಹೋಗಿದ್ರೆ ಇವನಿಗೆ ಪುರುಸೊತ್ತೆಲ್ಲಿರ್ತಿತ್ತು? ಅವರಿಬ್ಬರ ಮಧ್ಯೆ ಆಗಬೇಕಾದ ಜಗಳ ಆಗಲಿಲ್ಲ. ಅದಕ್ಕೇ ಮನೇಲಿ ಬೇರೆ ಎಲ್ಲ ಜಗಳ ನಡೀತಿದೆ."

"ಅವಳಿಗೆ ಸಿಟ್ಟಿದೆ ಅಂತ ನಾನು ಎಲ್ಲೂ ಬರೆದಿಲ್ಲವಲ್ಲಪ್ಪ. ಬರೆದವನಿಗಿಂತ ಓದಿಕೊಡೋನಿಗೆ ಜಾಸ್ತಿ ಗೊತ್ತೋ?"

ಎಲ್ಲರೂ ಮತ್ತೆ ನಕ್ಕರು. ಈ ಸಲ ಅವನನ್ನು ನೋಡಿಕೊಂಡು ನಕ್ಕರು. ಅವನ ಕಿವಿ ಬಿಸಿಯಾಯಿತು. ಸೋಲುವುದೊಂದನ್ನು ಬಿಟ್ಟು ಇನ್ನೇನಾದರೂ ಆಗಲಿ ಅನ್ನಿಸಿತು.

"ನಮ್ಮಕ್ಕ ಒಂದು ಸಲ ನನ್ನ ಹತ್ರ ಹೇಳಿದ್ಲು" ಎಂದ. "'ಅಪ್ಪ ಹೋದ ದಿನ ನಾನು ಹೊಟ್ಟೆ ತುಂಬ ಉಂಡೆ ಕಣೋ' ಅಂತ. ಅಪ್ಪನ್ನ ಅಂಗೈಲಿಟ್ಟು ನೋಡ್ಕೊಂಡವಳು ಸಾರ್ ಅವಳು. ಈಗ ಹೇಳಿ, ಸಿಟ್ಟಿಲ್ವಾ?"

ಕೆಳಗಿನ ಅಂಗಡಿಯಲ್ಲಿ ಟ್ಯೂಬಿಗೆ ಗಾಳಿ ಹೊಡೆಯುವುದು ಕೇಳುತ್ತಿತ್ತು. ಲೈನ್‌ಮನ್ ಮೊದಲು ತಲೆಯಾಡಿಸಿದ, ಆಮೇಲೆ ಆಂಟಿ. ಕಡೆಗೆ ಮೇಷ್ಟ್ರು ಪೆನ್ಸಿಲ್ ತೆಗೆದುಕೊಂಡರು. ಪಿಸುಮಾಮ ಗೆದ್ದಿದ್ದ. ಮೆಟ್ಟಿಲಿಳಿಯುವಾಗ ಎದೆಯುಬ್ಬಿಸಿಕೊಂಡೇ ಇಳಿದ; ಮನೆಯ ತಿರುವಿನ ಹತ್ತಿರ ಬಂದ ಮೇಲೆ, ಜ್ವರದಲ್ಲಿ ಮಲಗಿದ್ದ ಅಕ್ಕ ತನ್ನ ಕೈ ಹಿಡಿದುಕೊಂಡು ಆ ಮಾತು ಹೇಳಿದ್ದು, "ಯಾರ ಹತ್ರಾನೂ ಹೇಳ್ಬೇಡ" ಎಂದದ್ದು ನೆನಪಾಯಿತು.

ಮರುದಿನದ ಹೊತ್ತಿಗೆ ಆ ಮಾತು ನಾಟಕದೊಳಗೆ ಬಂದು ಕೂತಿತ್ತು. ಮಗಳ ಪಾತ್ರ ಮಾಡುವವಳು ಹಲ್ಲಿನ ಡಾಕ್ಟರ ಬಳಿ ಚೀಟಿ ಕೊಡುವ ಹುಡುಗಿ. ಮೂರನೇ ಅಂಕದಲ್ಲಿ, ಸತ್ತ ಅಪ್ಪನ ಹೊದಿಕೆ ಮಡಚುತ್ತಾ ಅವಳು "ಅಪ್ಪ ಹೋದ ದಿನ ನಾನು ಹೊಟ್ಟೆ ತುಂಬ ಉಂಡೆ" ಎಂದಾಗ ಎಲ್ಲರ ಮೈ ಜುಮ್ಮೆಂದಿತು. "ನಾಟಕಕ್ಕೆ ಜೀವ ಬಂತು ಕಣಯ್ಯ, ನಿನ್ನಿಂದ" ಎಂದು ಮೇಷ್ಟ್ರು ಅವನ ಬೆನ್ನು ತಟ್ಟಿದರು. ಆ ಹೊಗಳಿಕೆ ಅವನಿಗೆ ಬೇಡವಾಗಿತ್ತು.

ಯಾಕೆಂದರೆ ಅಕ್ಕ ಪ್ರತಿ ನಾಟಕದ ಮೊದಲ ಪ್ರದರ್ಶನಕ್ಕೂ ಬರುತ್ತಿದ್ದಳು. ಬಂದು ಮೂರನೇ ಸಾಲಿನಲ್ಲಿ ಕೂರುತ್ತಿದ್ದಳು. ಕಥೆಯ ಗೊಡವೆ ಅವಳಿಗಿರಲಿಲ್ಲ. "ನಿನ್ನ ಪಿಸುದನಿ ಕೇಳಿಸುತ್ತಾ ಅಂತ ಕಿವಿಗೊಟ್ಟು ಕೂತಿರ್ತೀನಿ. ಒಂದು ಸಲಾನೂ ಕೇಳಿಸಲ್ಲ ನೋಡು, ಅಷ್ಟು ಚೆನ್ನಾಗಿ ಮಾಡ್ತೀಯ" ಎನ್ನುತ್ತಿದ್ದಳು. ತಮ್ಮನ ದನಿ ಕೇಳಿಸದೇ ಇರುವುದೇ ಅವಳಿಗೆ ಹೆಮ್ಮೆ. ಅಂಥವಳು ಈಗ ಆ ಸಾಲಿನಲ್ಲಿ ಕೂತು, ಊರವರ ನಡುವೆ, ತನ್ನ ಮಾತು ತಾನೇ ಕೇಳಬೇಕು.

ಮಾತು ತೆಗೆದುಬಿಡಿ ಎಂದು ಅವನು ಮೇಷ್ಟ್ರಿಗೆ ಗೋಗರೆದ. "ನಾಟಕದ ಬೆನ್ನುಮೂಳೆ ಮುರಿ ಅಂತೀಯಾ? ಹೆಸರೇನಾದರೂ ಹೇಳಿದ್ದೀವಾ? ನಿಮ್ಮಕ್ಕನದು ಅಂತ ಯಾರಿಗೆ ಗೊತ್ತಾಗುತ್ತೆ?" ಎಂದರು ಅವರು. ಅಕ್ಕನಿಗೆ ಗೊತ್ತಾಗುತ್ತದೆ ಎಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಮನೆಗೆ ಬಂದು ಅಕ್ಕನ ಮೇಲೆ ಪ್ರಯತ್ನ ಮಾಡಿದ.

"ಈ ಸಲದ್ದು ತೀರಾ ಸಪ್ಪೆ ಅಕ್ಕ. ಬರ್ಬೇಡ."

"ಸಪ್ಪೆ ಆದ್ರೆ ಆಗ್ಲಿ ಬಿಡೋ. ನಾನೇನು ನಾಟಕ ನೋಡೋಕೆ ಬರ್ತೀನಾ?" ಎಂದು ನಕ್ಕಳು. ಆ ನಗು ಅವನಿಗೆ ಚುಚ್ಚಿತು.

ಕೊನೆಗೆ ಅವನು ಚೀಟಿ ಕೊಡುವ ಹುಡುಗಿಯನ್ನು ಪಕ್ಕಕ್ಕೆ ಕರೆದ. "ಮೊದಲ ದಿನ ಒಂದು ದಿನ ಆ ಮಾತು ನುಂಗಿಬಿಡಮ್ಮ. ಮೇಷ್ಟ್ರು ಕೇಳಿದ್ರೆ ಮರೆತೆ ಅನ್ನು." ಅವಳಿಗೆ ಹೋದ ಜೀವ ಬಂದ ಹಾಗಾಯಿತು. "ನಮ್ಮಪ್ಪನೂ ಬರ್ತಾರೆ ಮಾಮ. ಅವರ ಎದುರಿಗೆ ಹೇಗಪ್ಪಾ ಅದನ್ನ ಹೇಳೋದು ಅಂತ ನಂಗೂ ದಿಗಿಲಾಗಿತ್ತು" ಎಂದಳು. ಒಪ್ಪಂದ ಮುಗಿಯಿತು. ಅಂದಿನಿಂದ ಅವನಿಗೆ ಊಟ ಸೇರಿತು, ನಿದ್ದೆ ಹತ್ತಿತು. ಕಳ್ಳನಿಗೂ ಆಗಾಗ ನಿದ್ದೆ ಹತ್ತುತ್ತದಲ್ಲ, ಹಾಗೆ.

ಭಾನುವಾರ ಮಧ್ಯಾಹ್ನದ ಪ್ರದರ್ಶನ. ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಮೂರನೇ ಸಾಲಿನಲ್ಲಿ ಕೂತಿದ್ದಳು. ಎರಡು ಅಂಕ ನೀರು ಹರಿದ ಹಾಗೆ ಹೋಯಿತು. ಮೂರನೆಯದರಲ್ಲಿ ಲೈನ್‌ಮನ್ ಪ್ರೇಕ್ಷಕರಿಗೆ ಬೆನ್ನು ಹಾಕಿ ಕಿಟಕಿಯ ಬಳಿ ನಿಂತ. ಹುಡುಗಿ ಹೊದಿಕೆ ಮಡಚಿದಳು, ಹೇಳಬೇಕಾದ ಮಾತನ್ನು ಹೇಳಲಿಲ್ಲ. ಪಿಸುಮಾಮ ಉಸಿರು ಬಿಟ್ಟ.

ಆದರೆ ಲೈನ್‌ಮನ್ ತಿರುಗಲಿಲ್ಲ. ಹೇಗೆ ತಿರುಗುತ್ತಾನೆ? "ಉಂಡೆ" ಎಂಬ ಮಾತು ಕಿವಿಗೆ ಬಿದ್ದ ಮೇಲೆ ತಾನೇ ಅವನು ಗರಕ್ಕನೆ ತಿರುಗಿ "ಏನಂದೆ?" ಎನ್ನಬೇಕಾದ್ದು? ಅವನಿಗೆ ಯಾರೂ ಹೇಳಿರಲಿಲ್ಲ. ಒಬ್ಬರ ಮಾತಿನ ತುದಿಯೇ ಇನ್ನೊಬ್ಬರ ಮಾತಿಗೆ ಹಿಡಿ ಎಂದು ಇಡೀ ತಂಡಕ್ಕೆ ಪಾಠ ಹೇಳುತ್ತಿದ್ದ ಈ ಮನುಷ್ಯ, ತನ್ನ ಬಾಲಕ್ಕೆ ಬೆಂಕಿ ಬಿದ್ದಾಗ ಅದನ್ನೇ ಮರೆತಿದ್ದ. ಹುಡುಗಿಗೂ ಮುಂದಿನ ಮಾತು ಅವನು ತಿರುಗಿದ ಮೇಲೆಯೇ. ಅವಳು ಮಡಚಿದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಸಭೆ ಉಸಿರು ಬಿಗಿಹಿಡಿದು ಕಾಯಿತು. ಕೊನೆಗೆ ಹುಡುಗಿ ಕಣ್ಣು ತಿರುಗಿಸಿ ಪಕ್ಕದ ಪರದೆಯತ್ತ, ಅವನತ್ತ, ದಿಕ್ಕೆಟ್ಟು ನೋಡಿದಳು.

ಲೈನ್‌ಮನ್‌ಗೆ "ಏನಂದೆ" ಎಂದು ಅವನ ಮಾತನ್ನೇ ಎತ್ತಿಕೊಡಬಹುದಿತ್ತು. ನಾಟಕ ಹೇಗೋ ಕುಂಟಿಕೊಂಡು ಮುಂದೆ ಹೋಗುತ್ತಿತ್ತು. ಅದು ಹೊಳೆದದ್ದು ಆಮೇಲೆ. ಆ ಗಳಿಗೆಯಲ್ಲಿ, ನಟಿ ಕಣ್ಣಿಟ್ಟು ನೋಡಿದಾಗ ಪ್ರತಿಯಲ್ಲಿರುವ ಮಾತು ಕೊಡುವುದೊಂದೇ ಅವನಿಗೆ ಗೊತ್ತಿದ್ದದ್ದು. ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ಗಾಬರಿಯಲ್ಲಿ ದನಿ ತುಸು ಏರಿತು.

"ಅಪ್ಪ ಹೋದ ದಿನ ನಾನು ಹೊಟ್ಟೆ ತುಂಬ ಉಂಡೆ."

ಅಷ್ಟು ಮೌನದಲ್ಲಿ ಅದು ಮೂರನೇ ಸಾಲಿಗೆ ಸ್ಪಷ್ಟವಾಗಿ ಕೇಳಿತು. ಹುಡುಗಿ ಅದನ್ನೇ ಗಟ್ಟಿಯಾಗಿ ಹೇಳಿದಳು, ಲೈನ್‌ಮನ್ ತಿರುಗಿದ, ನಾಟಕ ಮುಂದೆ ಓಡಿತು. ಪರದೆಯ ಸಂದಿಯಿಂದ ಪಿಸುಮಾಮ ನೋಡಿದ. ಅಕ್ಕ ತಲೆ ತಗ್ಗಿಸಿಕೊಂಡು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಇನ್ಯಾವತ್ತೂ ಅವಳು ತನ್ನ ಮುಖ ನೋಡದಿದ್ದರೆ ಅದು ನ್ಯಾಯವೇ ಎಂದುಕೊಂಡ.

ನಾಟಕ ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಆ ಮೌನ ಅದ್ಭುತವಾಗಿತ್ತು, ಮುಂದಿನ ಪ್ರದರ್ಶನದಲ್ಲೂ ಹಾಗೇ ಇರಲಿ ಎಂದು ಮೇಷ್ಟ್ರು ಕುಣಿದಾಡಿದರು. ಅವನು ಯಾರಿಗೂ ಸಿಗದೆ ಹಿಂಬಾಗಿಲಿನಿಂದ ಹೊರಬಂದ. ಅಕ್ಕ ಗೇಟಿನ ಹತ್ತಿರ ಕಾಯುತ್ತಿದ್ದಳು. ಇನ್ನೂ ಬಿಸಿಲಿತ್ತು. ಇಬ್ಬರೂ ನಡೆದುಕೊಂಡು ಮನೆ ಸೇರಿದರು. ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ಅವಳು ಕುರ್ಚಿಯಲ್ಲಿ ಕೂತು ಕೇಳಿದಳು.

"ಯಾಕೋ ಹೇಳ್ದೆ?"

ಸುಳ್ಳು ಹೇಳಲು ಬೇಕಾದಷ್ಟು ದಾರಿಗಳಿದ್ದವು. ಅವನಿಗೆ ಯಾವುದೂ ಬೇಡವೆನ್ನಿಸಿತು. "ವಾದ ಗೆಲ್ಲೋಕೆ. ಮೂಲ ಜಗಳ ಯಾರ್ಯಾರ ಮಧ್ಯೆ ಅಂತ ಕೇಳಿದ್ರು. ಒಡಹುಟ್ಟಿದವರ ಮಧ್ಯೆ ಅಂದೆ. ಯಾರೂ ಒಪ್ಪಲಿಲ್ಲ."

"ಆಮೇಲೆ ಒಪ್ಪಿದ್ರಾ?"

"ಒಪ್ಪಿದ್ರು."

"ಅರ್ಧ ಹೇಳಿ ಗೆದ್ದುಬಿಟ್ಟೆ ನೋಡು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅಪ್ಪ ಹೋದ್ರು ಅಂತ ಉಂಡೆ ಅಂದ್ಕೊಂಡ್ಯಾ? ಜ್ವರದಲ್ಲಿ ಮಲಗಿದ್ದಾಗ ಪೂರ್ತಿ ಹೇಳೋಕೆ ಎಲ್ಲಿ ಬಿಟ್ಟೆ? 'ಸುಮ್ನೆ ಮಲ್ಕೋ' ಅಂತ ಹೊದಿಸಿ ಎದ್ದು ಹೋದೆ. ಅಪ್ಪನ್ನ ಕಳಿಸಿ ಬಂದ ಮೇಲೆ ಪಕ್ಕದ ಮನೆಯವರು ಊಟ ಕೊಟ್ಟು ಹೋಗಿದ್ರು. ನನ್ನ ಕೈಲಿ ಏಳೋಕೆ ಆಗ್ತಿರಲಿಲ್ಲ. ನೀನು ತಟ್ಟೆ ತಂದು ನನ್ನ ಮುಂದೆ ಇಟ್ಟು ಬಡಿಸಿದೆ. ಅಷ್ಟು ವರ್ಷದಲ್ಲಿ ಕೂತಿದ್ದಲ್ಲಿಗೆ ನಂಗೆ ಒಬ್ಬರು ಬಡಿಸಿದ್ದು ಅದೊಂದೇ ದಿನ ಕಣೋ. ಅದಕ್ಕೇ ಹೊಟ್ಟೆ ತುಂಬಿತು. ಅಂಥ ದಿನ ಊಟ ಇಷ್ಟು ರುಚಿ ಆಯ್ತಲ್ಲ ಅಂತ ನಾಚಿಕೆಯಾಗಿ ನಿನ್ನ ಹತ್ರ ಹೇಳ್ಕೊಂಡೆ."

ಅವನಿಗೆ ಬಡಿಸಿದ್ದೇ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ಆ ದಿನದ ತಟ್ಟೆ ಕಣ್ಣಿಗೆ ಬರಲಿಲ್ಲ. ಮಾತು ಮರೆತವರಿಗೆಲ್ಲ ಮಾತು ಕೊಡುವವನಿಗೆ, "ತಪ್ಪಾಯ್ತು ಅಕ್ಕ" ಎಂಬ ಎರಡು ಮಾತು ಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಅಳು ಬಂತು. ಅವಳಿಗೆ ಕಾಣಬಾರದೆಂದು ಅಡುಗೆಮನೆಗೆ ಹೋದ.

ಹೋದವನು ಅವಳಿಗೆ ಬಡಿಸೋಣವೆಂದು ಕಪಾಟು ತೆರೆದ. ಅದರಲ್ಲಿ ಡಬ್ಬಿಗಳಿದ್ದವು. ಇನ್ನೊಂದು ತೆರೆದ, ಹಳೆಯ ಬಾಟಲಿಗಳು, ಮಡಚಿಟ್ಟ ಚೀಲಗಳು. ಅನ್ನ ಬಡಿಸುವ ಸೌಟು ಎಲ್ಲಿದೆ, ಮಧ್ಯಾಹ್ನ ಮಾಡಿಟ್ಟದ್ದು ಯಾವ ಪಾತ್ರೆಯಲ್ಲಿದೆ, ಒಂದೂ ತಿಳಿಯದೆ, ತಾನು ಹುಟ್ಟಿ ಬೆಳೆದ ಮನೆಯಲ್ಲಿ ನೆಂಟನ ಹಾಗೆ ನಿಂತ. ಕೂಗಿ ಕೇಳಲು ಮುಖವಿರಲಿಲ್ಲ.

ಡಬ್ಬಿಗಳ ಸದ್ದು ಕೇಳಿ ಅಕ್ಕ ಮಂಡಿ ಹಿಡಿದುಕೊಂಡು ಎದ್ದು ಬಂದಳು. ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಒಲೆಯ ಕೆಳಗಿನ ಗೂಡಿಗೆ ಕೈ ಹಾಕಿ, ನೋಡದೆಯೇ ಎರಡು ತಟ್ಟೆ ತೆಗೆದಳು. ಮಧ್ಯಾಹ್ನದ್ದನ್ನು ಬಿಸಿ ಮಾಡಿ, ಮೊದಲು ಅವನ ತಟ್ಟೆಗೆ ಬಡಿಸಿದಳು.

"ಕೂತ್ಕೋ, ಆರಿ ಹೋಗುತ್ತೆ" ಎಂದಳು.

ಅವನು ಕೂತ.